ಆಟದ ಬಯಲಿನಲ್ಲಿ ಎಲ್ಲರಿಗೂ ಎಡೆ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಪಶ್ಚಿಮದಿಂದ ಪೂರ್ವಕ್ಕೆ ಒಂದರ ಮಗ್ಗುಲಲ್ಲಿ ಒಂದು ಹಬ್ಬಿಕೊಂಡಿವೆ. ಕಿತ್ತೂರಿನ ಕಡೆ ಮಲೆನಾಡಿನ ಸೆರಗಿನ ಕೆಮ್ಮಣ್ಣು. ಬೈಲಹೊಂಗಲ, ಸವದತ್ತಿಗಳಲ್ಲಿ ಹತ್ತಿ ಜೋಳಗಳನ್ನು ಬೆಳೆಯುವ ಎರೆಭೂಮಿ. ರಾಮದುರ್ಗದಲ್ಲಿ ಮಲಪ್ರಭೆಯ ದಂಡೆ ಮತ್ತು ಕಲ್ಲುಗುಡ್ಡಗಳು. ನೆಲ ಬೇರೆ ಬೇರೆಯಾದರೂ ಆಟದ ಅವಧಿಯಲ್ಲಿ ಕಾಣಸಿಗುವ ನೋಟವೊಂದು ಇಲ್ಲಿಯೂ, ನಾಡಿನ ಇತರ ಕಡೆಗಳಲ್ಲಿಯೂ ಒಂದೇ ಬಗೆಯದು. ಗಂಟೆ ಬಾರಿಸಿದೊಡನೆ ಮಕ್ಕಳೆಲ್ಲರೂ ಬಯಲಿಗೆ ಓಡುತ್ತಾರೆ. ಒಬ್ಬ ಹುಡುಗನೋ ಒಬ್ಬ ಹುಡುಗಿಯೋ ಮಾತ್ರ ಬೇವಿನ ಮರದ ನೆರಳಿನಲ್ಲಿ ಉಳಿಯುತ್ತಾರೆ. ಕಾಲಿನಲ್ಲಿ ಬಲವಿಲ್ಲ, ಅಥವಾ ಕಣ್ಣು ಕಾಣದು, ಅಥವಾ ಕಿವಿ ಕೇಳದು. ಉಳಿದವರ ಚಪ್ಪಲಿ ಕಾಯುವ ಕೆಲಸವೋ ಅಂಕ ಬರೆಯುವ ಕೆಲಸವೋ ಅವರ ಪಾಲಿಗೆ ಬರುತ್ತದೆ.

ಇದನ್ನು ಯಾರೂ ದ್ವೇಷದಿಂದ ಮಾಡುವುದಿಲ್ಲ. ‘ಪಾಪ, ಬಿದ್ದು ಪೆಟ್ಟು ಮಾಡಿಕೊಂಡಾನು’ ಎಂಬ ಕರುಣೆಯೇ ಇದಕ್ಕೆ ಕಾರಣ. ಆದರೆ ಈ ಕರುಣೆ ದೇಹಕ್ಕೆ ಹಿತವೆ? ಆ ವಿದ್ಯಾರ್ಥಿಯನ್ನು ತಡೆಯುತ್ತಿರುವುದು ನಿಜವಾಗಿಯೂ ಅವನ ದೇಹವೆ, ಅಥವಾ ಆಟದ ನೆಲವೂ ಚೆಂಡೂ ನಿಯಮವೂ ಸೇರಿ ಒಡ್ಡಿರುವ ಅಡ್ಡಿಯೆ? ಪ್ರೌಢಶಾಲೆಯಲ್ಲಿ ಕಲಿಯುವ ಶರೀರಶಾಸ್ತ್ರ, ಭೌತಶಾಸ್ತ್ರಗಳ ಸಾಮಾನ್ಯ ತತ್ತ್ವಗಳಿಂದಲೇ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ.

ಕುಳಿತಿರುವುದು ವಿಶ್ರಾಂತಿಯಲ್ಲ

ನಮ್ಮ ಮೂಳೆಯು ಕಲ್ಲಿನಂತೆ ನಿರ್ಜೀವ ವಸ್ತುವಲ್ಲ. ನಿತ್ಯವೂ ಸವೆಯುತ್ತ, ನಿತ್ಯವೂ ಹೊಸದಾಗಿ ಕಟ್ಟಿಕೊಳ್ಳುತ್ತ ಇರುವ ಜೀವಂತ ಅಂಗಾಂಶ ಅದು. ತನ್ನ ಮೇಲೆ ಬೀಳುವ ಹೊರೆಗೆ ಅನುಸಾರವಾಗಿ ಮೂಳೆಯು ತನ್ನ ರಚನೆಯನ್ನು ಬದಲಿಸಿಕೊಳ್ಳುವುದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ನಿರೂಪಿಸಿದನು. ಹೊರೆ ಬಿದ್ದ ಕಡೆ ಮೂಳೆ ಗಟ್ಟಿಯಾಗುತ್ತದೆ. ಹೊರೆಯೇ ಇಲ್ಲದ ಕಡೆ ಸೊರಗುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳು, ಸಾಕಷ್ಟು ವ್ಯಾಯಾಮ ಮಾಡದಿದ್ದರೆ, ಸೊಂಟ ಮತ್ತು ತೊಡೆಯ ಮೂಳೆಗಳ ಸಾಂದ್ರತೆಯನ್ನು ತಿಂಗಳಿಗೆ ನೂರಕ್ಕೆ ಒಂದರಷ್ಟು ಕಳೆದುಕೊಳ್ಳುವುದು ಇದೇ ಕಾರಣದಿಂದ. ಸ್ನಾಯುಗಳ ಮಾತೂ ಅಷ್ಟೆ. ದುಡಿಯದ ಸ್ನಾಯು ಕುಗ್ಗುತ್ತದೆ; ದುಡಿಯದ ಹೃದಯವು ಸ್ವಲ್ಪ ಶ್ರಮಕ್ಕೇ ಏದುಸಿರು ತರಿಸುತ್ತದೆ.

ಇಲ್ಲಿ ವಯಸ್ಸಿನ ಪ್ರಶ್ನೆಯೂ ಉಂಟು. ಮನುಷ್ಯನು ಜೀವಮಾನದಲ್ಲಿ ಗಳಿಸುವ ಮೂಳೆಯ ಬಹುಪಾಲು ಇಪ್ಪತ್ತು ವರ್ಷ ತುಂಬುವುದರೊಳಗೇ ಕೂಡಿಬರುತ್ತದೆ. ಆ ಬಳಿಕ ಅದನ್ನು ಕಾಪಾಡಿಕೊಳ್ಳುವುದೇ ಮುಖ್ಯ ಕೆಲಸ. ಎಂದರೆ ಪ್ರೌಢಶಾಲೆಯ ದಿನಗಳು ಮೂಳೆಯ ಪಾಲಿಗೆ ಸುಗ್ಗಿಯ ಕಾಲ. ಆ ಸುಗ್ಗಿಯಲ್ಲಿ ನೆರಳಿಗೆ ಕುಳಿತವನು ಕಳೆದುಕೊಂಡದ್ದನ್ನು ಮುಂದೆ ಪೂರ್ತಿಯಾಗಿ ತುಂಬಿಕೊಳ್ಳುವುದು ಕಷ್ಟ.

ಊರುಗೋಲಿನ ಮೇಲೆ ನಡೆಯುವ ವಿದ್ಯಾರ್ಥಿಯನ್ನು ಕುರಿತು ಯೋಚಿಸಿರಿ. ಉಳಿದವರಿಗೆ ಕಾಲು ಮಾಡುವ ಕೆಲಸವನ್ನು ಅವನಿಗೆ ಭುಜಗಳು ಮಾಡಬೇಕು. ಊರುಗೋಲಿನಿಂದ ನಡೆಯುವಾಗ ಅದೇ ದೂರಕ್ಕೆ ವ್ಯಯವಾಗುವ ಶಕ್ತಿ ಸಾಮಾನ್ಯ ನಡಿಗೆಗಿಂತ ಬಹಳ ಹೆಚ್ಚು. ಆದುದರಿಂದ ಅವನಿಗೆ ಬಲವಾದ ಭುಜವೂ ದೃಢವಾದ ಹೃದಯವೂ ಇತರರಿಗಿಂತ ಹೆಚ್ಚು ಅವಶ್ಯ. ವ್ಯಾಯಾಮ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ವ್ಯಾಯಾಮದಿಂದ ಹೊರಗಿಡುವುದು ವಿಚಿತ್ರವಲ್ಲವೆ? ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ಹೇಳಿ, ಅಂಗವೈಕಲ್ಯವುಳ್ಳ ಮಕ್ಕಳಿಗೂ ಇದೇ ಪ್ರಮಾಣವನ್ನು ಸೂಚಿಸಿದೆ.

ಆಸ್ಪತ್ರೆಯಿಂದ ಮೈದಾನಕ್ಕೆ

ಈ ತಿಳಿವಳಿಕೆ ಬಂದದ್ದು ಇತ್ತೀಚೆಗೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿಗೆ ಪೆಟ್ಟಾದವರನ್ನು ಹಾಸಿಗೆಯಲ್ಲಿ ಮಲಗಿಸಿಬಿಡುತ್ತಿದ್ದರು. ಮಲಗಿದ ಕಡೆ ಹುಣ್ಣಾಗಿ, ಮೂತ್ರಕೋಶಕ್ಕೆ ಸೋಂಕು ತಗುಲಿ ಅವರಲ್ಲಿ ಬಹುಮಂದಿ ಬೇಗನೆ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ಚಿಕಿತ್ಸಾ ವಿಭಾಗದ ಹೊಣೆ ಹೊತ್ತ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಈ ಪದ್ಧತಿಯನ್ನು ತಲೆಕೆಳಗು ಮಾಡಿದನು. ರೋಗಿಗಳನ್ನು ಎಬ್ಬಿಸಿ ಕೂರಿಸಿ, ಗಾಲಿಕುರ್ಚಿಯಲ್ಲಿ ಆಟವಾಡಿಸಿದನು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, 16 ಮಂದಿ ಗಾಯಾಳು ಸೈನಿಕರು ಅವನ ಆಸ್ಪತ್ರೆಯ ಆವರಣದಲ್ಲಿ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಈ ಬೀಜವೇ ಬೆಳೆದು 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಕ್ರೀಡಾಪಟುಗಳ ಕೂಟವಾಯಿತು. ಪ್ಯಾರಾಲಿಂಪಿಕ್ಸ್ ಎಂದು ಇಂದು ಪ್ರಸಿದ್ಧವಾಗಿರುವುದು ಇದೇ.

ಬೆಳಗಾವಿಗೆ ನೆರೆಯ ಸಾಂಗ್ಲಿ ಜಿಲ್ಲೆಯವರಾದ ಮುರಳೀಕಾಂತ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಈಜಿನಲ್ಲಿ ಗೆದ್ದು, ಪ್ಯಾರಾಲಿಂಪಿಕ್ಸಿನಲ್ಲಿ ಭಾರತಕ್ಕೆ ಮೊತ್ತಮೊದಲ ಚಿನ್ನದ ಪದಕ ತಂದವರು ಅವರೇ.

ಆಸ್ಪತ್ರೆಗಳು ಬದಲಾದಷ್ಟು ಬೇಗ ಶಾಲೆಗಳು ಬದಲಾಗಲಿಲ್ಲ. ಶಾಲೆಯ ವ್ಯಾಯಾಮವು ಬಹುಕಾಲ ಸೈನ್ಯದ ಕವಾಯತಿನ ಮಾದರಿಯಲ್ಲಿ ನಡೆಯಿತು. ಇಂದಿಗೂ ಹಳ್ಳಿಗಳಲ್ಲಿ ದೈಹಿಕ ಶಿಕ್ಷಕರನ್ನು ‘ಡ್ರಿಲ್ ಮಾಸ್ತರ’ ಎಂದು ಕರೆಯುವುದುಂಟು. ಎಲ್ಲರೂ ಒಂದೇ ಸಾಲು, ಒಂದೇ ಎಣಿಕೆ, ಒಂದೇ ಚಲನೆ ಎಂಬುದು ಕವಾಯತಿನ ಜೀವಾಳ. ಒಂದೇ ಬಗೆಯ ದೇಹಗಳನ್ನು ನಿರೀಕ್ಷಿಸುವ ಪದ್ಧತಿಯಲ್ಲಿ ಬೇರೆ ಬಗೆಯ ದೇಹಕ್ಕೆ ಎಡೆ ಸಿಗದುದು ಸಹಜವೇ. ಆಟಗಳ ಗುಣವಾದರೋ ಬೇರೆ. ಆಟವನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಅಂಗಗಳು ಕಾಣುತ್ತವೆ: ನೆಲ, ಸಲಕರಣೆ, ನಿಯಮ, ಜೊತೆಗಾರರು. ನಾಲ್ಕನ್ನೂ ಮನುಷ್ಯನೇ ಗೊತ್ತುಮಾಡಿದವನಾದುದರಿಂದ ನಾಲ್ಕನ್ನೂ ಬದಲಿಸಲು ಬರುತ್ತದೆ. ಒಂದೊಂದನ್ನಾಗಿ ಪರಿಶೀಲಿಸೋಣ.

ನೆಲ

ಎರೆಮಣ್ಣಿನ ಜೇಡಿಯ ಕಣಗಳು ಅತಿ ಸೂಕ್ಷ್ಮವಾದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಮಳೆ ಬಂದಾಗ ನೀರು ಆ ಹಾಳೆಗಳ ನಡುವೆ ಸೇರಿ ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಆರಿ ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಬಿರುಕು: ಊರುಗೋಲಿಗೂ ಗಾಲಿಕುರ್ಚಿಗೂ ಎರಡೂ ಶತ್ರುಗಳೇ.

ಒಂದು ಸರಳ ಲೆಕ್ಕ ಮಾಡೋಣ. ಊರುಗೋಲಿನ ತುದಿಯ ರಬ್ಬರ್ ಬಿಲ್ಲೆಯ ವ್ಯಾಸ 4 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ ಸುಮಾರು 12.5 ಚದರ ಸೆಂಟಿಮೀಟರ್. ಅದರ ಮೇಲೆ 25 ಕಿಲೋಗ್ರಾಂ ಭಾರ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಒತ್ತಡವಾಯಿತು. ಹಸಿ ಎರೆಮಣ್ಣು ಅದನ್ನು ತಾಳಲಾರದೆ ಕೋಲು ಹೂತುಕೊಳ್ಳುತ್ತದೆ. ಬಿಲ್ಲೆಯ ವ್ಯಾಸವನ್ನು ಇಮ್ಮಡಿ ಮಾಡಿದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ; ಒತ್ತಡ ನಾಲ್ಕನೆಯ ಒಂದು ಭಾಗಕ್ಕೆ, ಎಂದರೆ ಅರ್ಧ ಕಿಲೋಗ್ರಾಮಿಗೆ ಇಳಿಯುತ್ತದೆ. ಕಬ್ಬಿಣದ ಪಟ್ಟಿಯ ಗಾಲಿಯ ಚಕ್ಕಡಿ ಹೂತುಕೊಳ್ಳುವ ಹೊಲದಲ್ಲಿ ಅಗಲವಾದ ಟೈರಿನ ಬಂಡಿ ದಾಟಿಹೋಗುವುದನ್ನು ಈ ಸೀಮೆಯ ರೈತರೆಲ್ಲರೂ ಬಲ್ಲರು. ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳೇ ಮೊದಲು ಹೂತುಕೊಳ್ಳುವುದೂ ಇದೇ ತತ್ತ್ವದಿಂದ.

ಹೀಗಿರಲು ಇಡೀ ಬಯಲನ್ನು ಸಿಮೆಂಟಿನಿಂದ ಮುಚ್ಚಬೇಕಾಗಿಲ್ಲ. ತರಗತಿಯಿಂದ ಬಯಲಿಗೆ ಹೋಗುವ ದಾರಿಯಲ್ಲಿಯೂ, ಬಯಲಿನ ಒಂದು ಮೂಲೆಯಲ್ಲಿಯೂ ಮೇಲಿನ ಎರೆಮಣ್ಣನ್ನು ತೆಗೆದು, ಗರಸು ತುಂಬಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಿದರೆ ಗಟ್ಟಿಯಾದ ಸಮನೆಲ ಸಿದ್ಧವಾಗುತ್ತದೆ. ಜಗಲಿಯಿಂದ ಇಳಿಯಲು ಮೆಟ್ಟಿಲಿನ ಬದಿಯಲ್ಲಿ ಇಳಿಜಾರು ಬೇಕು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಇಳಿಜಾರಿನ ರೂಢಿಯ ಪ್ರಮಾಣ. ಜಗಲಿಯ ಎತ್ತರ 45 ಸೆಂಟಿಮೀಟರ್ ಇದ್ದರೆ ಇಳಿಜಾರು 5 ಮೀಟರ್ 40 ಸೆಂಟಿಮೀಟರ್ ಉದ್ದವಿರಬೇಕು. ಇದಕ್ಕಿಂತ ಕಡಿದಾದರೆ ಅದು ಇಳಿಜಾರಾಗದೆ ಜಾರುಬಂಡಿಯಾಗುತ್ತದೆ.

ಸಲಕರಣೆ

ಕಣ್ಣು ಕಾಣದವರು ಚೆಂಡಾಡುವುದು ಹೇಗೆ? ಚೆಂಡೇ ತಾನಿರುವ ಕಡೆಯನ್ನು ಹೇಳುವಂತೆ ಮಾಡಬೇಕು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಬಲಗಡೆಯಿಂದ ಬಂದ ಶಬ್ದವು ಬಲಗಿವಿಗೆ ಮೊದಲು, ಎಡಗಿವಿಗೆ ಅನಂತರ ಮುಟ್ಟುತ್ತದೆ. ಈ ಅಂತರ ಅತಿ ಹೆಚ್ಚೆಂದರೆ ಸೆಕೆಂಡಿನ ಸುಮಾರು 1,500ರಲ್ಲಿ ಒಂದು ಭಾಗ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಮಿದುಳು ಅಳೆದು ಶಬ್ದದ ದಿಕ್ಕನ್ನು ನಿರ್ಧರಿಸುತ್ತದೆ. ಈ ಸಾಮರ್ಥ್ಯ ನಮ್ಮೆಲ್ಲರಿಗೂ ಉಂಟು. ಅಂಧರು ಅದನ್ನು ಅಭ್ಯಾಸದಿಂದ ಹರಿತಗೊಳಿಸಿಕೊಳ್ಳುತ್ತಾರೆ.

ಅಂಧರ ಕ್ರಿಕೆಟ್ಟಿನಲ್ಲಿ ಬಳಸುವ ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳಿದ್ದು, ಉರುಳಿದಾಗ ಸದ್ದು ಮಾಡುತ್ತವೆ. ಬೌಲರನು ಕೈಯನ್ನು ತೋಳಿನ ಕೆಳಗಿನಿಂದ ಬೀಸಿ ಚೆಂಡನ್ನು ನೆಲಕ್ಕೆ ಪುಟಿಸುತ್ತಾನೆ. ಶಿವಮೊಗ್ಗ ಜಿಲ್ಲೆಯವರಾದ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ ಭಾರತ ತಂಡವು 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ಪನ್ನು ಗೆದ್ದಿತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಯೂರೋಪಿನಲ್ಲಿ ರೂಪಿಸಿದ ಗೋಲ್‌ಬಾಲ್ ಆಟದಲ್ಲಿಯೂ ಗೆಜ್ಜೆಯುಳ್ಳ ಚೆಂಡು ಉಂಟು. ಅಲ್ಲಿ ಅಂಕಣದ ಗೆರೆಗಳ ಅಡಿಯಲ್ಲಿ ದಾರವನ್ನಿಟ್ಟು ಮೇಲೆ ಪಟ್ಟಿ ಅಂಟಿಸಿರುತ್ತಾರೆ. ಆಟಗಾರನು ಗೆರೆಯನ್ನು ಬೆರಳಿನಿಂದ, ಪಾದದಿಂದ ಓದಿಕೊಳ್ಳುತ್ತಾನೆ.

ಈ ಚೆಂಡುಗಳನ್ನು ದೂರದಿಂದ ತರಿಸಲೇಬೇಕೆಂದಿಲ್ಲ. ಜಾತ್ರೆಯಲ್ಲಿ ಸಿಗುವ ಗೆಜ್ಜೆಗಳನ್ನು ಬಟ್ಟೆಯಲ್ಲಿ ಹೊಲಿದು ರಬ್ಬರ್ ಚೆಂಡಿಗೆ ಕವಚ ಮಾಡಬಹುದು. ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿದರೂ ಉರುಳುವಾಗ ಚರಚರ ಎನ್ನುತ್ತದೆ. ಒಂದು ಮಾತು ನೆನಪಿರಲಿ: ನಿಂತ ಚೆಂಡು ಮೌನವಾಗಿರುತ್ತದೆ, ಸುತ್ತಲಿನ ಗದ್ದಲವೂ ಸದ್ದನ್ನು ಮುಚ್ಚುತ್ತದೆ. ಆದುದರಿಂದ ಆಟ ನಡೆಯುವಾಗ ಪ್ರೇಕ್ಷಕರು ಸುಮ್ಮನಿರಬೇಕು. ಮಂದದೃಷ್ಟಿಯುಳ್ಳವರಿಗೆ ಬಣ್ಣದ ವ್ಯತ್ಯಾಸವೇ ಸಾಕಾಗಬಹುದು. ಎರೆಮಣ್ಣಿನ ಮೇಲೆ ಕೆಂಪು ಚೆಂಡು ಮಾಯವಾಗುತ್ತದೆ. ಹಳದಿ ಅಥವಾ ಬಿಳಿಯ ಚೆಂಡು ಎದ್ದು ಕಾಣುತ್ತದೆ.

ಕೇಳದವರ ಅಗತ್ಯ ಇದಕ್ಕೆ ವಿರುದ್ಧವಾದುದು. ಸೀಟಿಯ ಜೊತೆಗೆ ಬಣ್ಣದ ಬಾವುಟವೊಂದನ್ನು ಬೀಸಿದರೆ ಅವರ ತೊಡಕು ಬಹುಮಟ್ಟಿಗೆ ನೀಗುತ್ತದೆ. ಕಿವುಡರ ಅಂತರರಾಷ್ಟ್ರೀಯ ಕ್ರೀಡಾಕೂಟವು ಪ್ಯಾರಿಸಿನಲ್ಲಿ 1924ರಷ್ಟು ಹಿಂದೆಯೇ ಆರಂಭವಾಗಿದ್ದಿತು.

ನಿಯಮ

ನಿಯಮವನ್ನು ಬದಲಿಸಿದರೆ ಆಟ ಕೆಡುತ್ತದೆಂದು ಕೆಲವರು ಆಕ್ಷೇಪಿಸಬಹುದು. ಅಂಥವರು ನಮ್ಮ ಹಳ್ಳಿಯ ಆಟಗಳನ್ನೇ ನೋಡಲಿ. ಕುಂಟಬಿಲ್ಲೆಯಲ್ಲಿ ಎರಡು ಕಾಲುಳ್ಳವರೆಲ್ಲರೂ ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತಾರೆ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣುಳ್ಳವನು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾನೆ. ದೇಹದ ಯಾವ ಶಕ್ತಿಯನ್ನು ಬಳಸಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತುಪಡಿಸುವುದೇ ನಿಯಮದ ಕೆಲಸ. ಗೋಲ್‌ಬಾಲಿನಲ್ಲಿ ಎಲ್ಲ ಆಟಗಾರರೂ ಕಣ್ಣುಪಟ್ಟಿ ಕಟ್ಟಿಕೊಳ್ಳುತ್ತಾರೆ. ಆಗ ಕಾಣುವವನಿಗೂ ಕಾಣದವನಿಗೂ ಭೇದವಿಲ್ಲ.

ಖೊಖೊ ಆಟವನ್ನು ತೆಗೆದುಕೊಳ್ಳಿರಿ. ಬೆನ್ನಟ್ಟುವವನು ಕುಳಿತಿರುವ ಜೊತೆಗಾರನ ಬೆನ್ನನ್ನು ಅಂಗೈಯಿಂದ ಮುಟ್ಟಿ, ಅದೇ ಕ್ಷಣದಲ್ಲಿ ‘ಖೊ’ ಎಂದು ಗಟ್ಟಿಯಾಗಿ ಹೇಳಬೇಕು. ಈ ಒಂದು ಸಂಜ್ಞೆಯಲ್ಲಿ ಸ್ಪರ್ಶವೂ ಉಂಟು, ಶಬ್ದವೂ ಉಂಟು. ಕೇಳದವನಿಗೆ ಸ್ಪರ್ಶ ಸಾಕು. ಕಣ್ಣು ಮಂದವಾದವನಿಗೆ ಶಬ್ದ ಸಾಕು. ಕಬಡ್ಡಿಯಲ್ಲಿ ದಾಳಿ ಮಾಡುವವನು ‘ಕಬಡ್ಡಿ, ಕಬಡ್ಡಿ’ ಎನ್ನುತ್ತಲೇ ಇರಬೇಕಾದುದರಿಂದ ಅವನು ಎಲ್ಲಿದ್ದಾನೆಂಬುದು ಎದುರಾಳಿಯ ಕಿವಿಗೆ ಸದಾ ತಿಳಿಯುತ್ತಿರುತ್ತದೆ. ಗರಡಿಮನೆಯ ಕುಸ್ತಿಯಲ್ಲಿ ಪಟ್ಟು ಬಿದ್ದ ಮೇಲೆ ಮೈಯೇ ಕಣ್ಣು. ದೃಷ್ಟಿ ಇಲ್ಲದವರ ಜೂಡೋ ಸ್ಪರ್ಧೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡೇ ಆರಂಭಿಸುವುದು ಇದೇ ಕಾರಣದಿಂದ. 2024ರಲ್ಲಿ ಪ್ಯಾರಿಸಿನ ಪ್ಯಾರಾಲಿಂಪಿಕ್ಸಿನಲ್ಲಿ ಕಪಿಲ್ ಪರ್ಮಾರ್ ಭಾರತಕ್ಕೆ ಈ ಆಟದ ಮೊದಲ ಪದಕವನ್ನು ತಂದರು. ಕುಸ್ತಿಗೆ ಹೆಸರಾದ ಬೆಳಗಾವಿ ಸೀಮೆಯಲ್ಲಿ ಕುಸ್ತಿಯನ್ನೂ ಹೀಗೆಯೇ ಹಿಡಿತದಿಂದ ಆರಂಭಿಸಲು ಏನು ಅಡ್ಡಿ?

ಕಾಲಿನಲ್ಲಿ ಬಲವಿಲ್ಲದವರಿಗೆ ಕುಳಿತು ಆಡುವ ವಾಲಿಬಾಲ್ ತಕ್ಕ ಆಟ. 1956ರಲ್ಲಿ ನೆದರ್‌ಲೆಂಡ್ಸಿನಲ್ಲಿ ರೂಪುಗೊಂಡ ಈ ಆಟದ ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ಬಲೆಯ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್. ತರಗತಿಯವರೆಲ್ಲರೂ ನೆಲದ ಮೇಲೆ ಕುಳಿತು ಆಡಲಿ. ದಿನವೂ ತೋಳಿನಿಂದ ಮೈಯನ್ನು ಎತ್ತಿ ಅಭ್ಯಾಸವುಳ್ಳವನು ಉಳಿದವರನ್ನು ಸೋಲಿಸಿದರೆ ಅಚ್ಚರಿಯಿಲ್ಲ. ಸ್ನಾಯುಗಳ ಹತೋಟಿ ತಪ್ಪಿರುವ ಮಿದುಳಿನ ಪಾರ್ಶ್ವವಾಯುವಿನ ಮಕ್ಕಳಿಗೆ ಬೋಚಿಯಾ ಎಂಬ ಆಟವುಂಟು. ಬಿಳಿಯ ಗುರಿಚೆಂಡಿನ ಸಮೀಪಕ್ಕೆ ತಮ್ಮ ಚೆಂಡನ್ನು ಉರುಳಿಸುವುದೇ ಆಟ. ಕೈಯಿಂದ ಎಸೆಯಲಾರದವರು ಓರೆಯಾಗಿಟ್ಟ ತೊಟ್ಟಿಯ ಮೇಲಿಂದ ಉರುಳಿಸಬಹುದು. ಗೋಲಿಯಾಟ ಬಲ್ಲ ನಮ್ಮ ಮಕ್ಕಳಿಗೆ ಇದನ್ನು ಕಲಿಯಲು ಹತ್ತು ನಿಮಿಷ ಸಾಕು.

ಜೊತೆಗಾರರು

ಚಿಕ್ಕಮಗಳೂರು ಜಿಲ್ಲೆಯವರಾದ ರಕ್ಷಿತಾ ರಾಜು ಅವರಿಗೆ ದೃಷ್ಟಿ ಇಲ್ಲ. 2018ರಲ್ಲಿ ಜಕಾರ್ತದಲ್ಲಿಯೂ 2023ರಲ್ಲಿ ಹಾಂಗ್‌ಝೌನಲ್ಲಿಯೂ ನಡೆದ ಏಷ್ಯಾದ ಪ್ಯಾರಾ ಕ್ರೀಡಾಕೂಟಗಳಲ್ಲಿ ಅವರು 1,500 ಮೀಟರ್ ಓಟದ ಚಿನ್ನ ಗೆದ್ದರು. ಅಂಧ ಓಟಗಾರರು ಓಡುವುದು ಕಾಣುವ ಜೊತೆಗಾರರೊಡನೆ. ಇಬ್ಬರ ಕೈಗಳ ನಡುವೆ ಒಂದು ಗಿಡ್ಡ ದಾರ. ಜೊತೆಗಾರನು ಎಳೆಯುವುದಿಲ್ಲ, ನೂಕುವುದಿಲ್ಲ. ಹೆಜ್ಜೆಗೆ ಹೆಜ್ಜೆ ಹೊಂದಿಸಿ, ತಿರುವು ಬಂದಾಗ ತಿಳಿಸುತ್ತಾನೆ. ಈ ದಾರವನ್ನು ಯಾವ ಶಾಲೆಯೂ ಕೊಳ್ಳಬಲ್ಲದು. ದುರ್ಲಭವಾದುದು ಆ ದಾರದ ಇನ್ನೊಂದು ತುದಿಯನ್ನು ಹಿಡಿಯುವ ಸಹಪಾಠಿ. ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ನಮ್ಮಲ್ಲಿ ಉಳಿದವರೂ ಪದಕಕ್ಕಾಗಿ ಆಡುವವರಲ್ಲವಷ್ಟೆ. ಒಡನಾಡಿಗಳೊಂದಿಗೆ ಬೆವರು ಸುರಿಸಿ, ಸೋತು, ಗೆದ್ದು, ನಕ್ಕು ಬರುವುದೇ ಆಟದ ದೊಡ್ಡ ಫಲ.

ಎಚ್ಚರಿಕೆ

ಎಲ್ಲರನ್ನೂ ಆಡಿಸಬೇಕೆಂದರೆ ಕಣ್ಣು ಮುಚ್ಚಿ ಆಡಿಸಬೇಕೆಂದು ಅರ್ಥವಲ್ಲ. ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ಉಳ್ಳವರಿಗೆ ಮೈಗೆ ಮೈ ತಾಗುವ ಆಟ ಸಲ್ಲದು. ಡೌನ್ ಸಿಂಡ್ರೋಮ್ ಉಳ್ಳ ಕೆಲವರಲ್ಲಿ ಕತ್ತಿನ ಮೇಲಿನ ಕೀಲು ಸಡಿಲವಾಗಿರುವುದರಿಂದ ವೈದ್ಯರನ್ನು ಕೇಳದೆ ಲಾಗ ಹಾಕಿಸಬಾರದು. ಸ್ನಾಯುಕ್ಷಯವುಳ್ಳವರನ್ನು ದಣಿಯುವವರೆಗೆ ಓಡಿಸಬಾರದು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ಆ ಮಟ್ಟದಿಂದ ಕೆಳಗೆ ಬೆವರು ಬಾರದುದರಿಂದ ದೇಹ ಬೇಗ ಕಾಯುತ್ತದೆ. ಬಿಸಿಲಿನ ಹೊತ್ತಿನಲ್ಲಿ ಅವರಿಗೆ ನೆರಳು, ತಣ್ಣೀರು ಅವಶ್ಯ. ವೈದ್ಯರೊಡನೆ ಮಾತನಾಡುವಾಗ ‘ಈ ಮಗು ಆಡಬಹುದೆ?’ ಎಂದು ಕೇಳುವುದಕ್ಕಿಂತ ‘ಯಾವುದನ್ನು ಆಡಬಹುದು, ಯಾವುದನ್ನು ಆಡಬಾರದು?’ ಎಂದು ಕೇಳುವುದು ಮೇಲು. ಮೊದಲ ಪ್ರಶ್ನೆಗೆ ‘ಬೇಡ’ ಎಂಬ ಉತ್ತರ ಸುಲಭ. ಎರಡನೆಯದಕ್ಕೆ ಒಂದು ದಾರಿ ತೋರಿಸಲೇಬೇಕಾಗುತ್ತದೆ.

ಅಂಥ ದಾರಿಗಳಲ್ಲಿ ನೀರೂ ಒಂದು. ಎದೆಮಟ್ಟದ ನೀರಿನಲ್ಲಿ ನಿಂತಾಗ ಆರ್ಕಿಮಿಡೀಸನ ತತ್ತ್ವದಂತೆ ಕಾಲಿನ ಮೇಲಿನ ಭಾರ ಸುಮಾರು ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಮೂಳೆಗಳು ಸುಲಭವಾಗಿ ಮುರಿಯುವ ಕಾಯಿಲೆಯೊಂದಿಗೆ ಹುಟ್ಟಿದ ಬೆಳಗಾವಿಯ ಮೊಯಿನ್ ಜುನ್ನೇದಿ ಈಜುಗಾರರಾಗಿ ಹೆಸರು ಪಡೆದರು. ಆದರೆ ಇದು ತರಬೇತಾದವರ ಮೇಲ್ವಿಚಾರಣೆಯುಳ್ಳ ಕೊಳದ ಮಾತು. ಹೊಳೆ ಕಾಲುವೆಗಳ ಮಾತಲ್ಲ.

ಹಕ್ಕು ಮತ್ತು ಹೊಣೆ

ಆಟದ ಬಯಲಿನಲ್ಲಿ ಎಡೆ ದೊರಕಿಸುವುದು ಈಗ ದಯೆಯ ಮಾತಾಗಿ ಉಳಿದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರಕಾರದ ನೆರವನ್ನಾಗಲಿ ಮನ್ನಣೆಯನ್ನಾಗಲಿ ಪಡೆದ ಶಾಲೆಗಳು ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಶಿಕ್ಷಣದೊಂದಿಗೆ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನೂ ಇತರರಿಗೆ ಸಮನಾಗಿ ನೀಡತಕ್ಕದ್ದೆಂದು ಅದರ 16ನೆಯ ಪ್ರಕರಣದ ಆಶಯ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿವೆ. ಸಮನ್ವಯ ಶಿಕ್ಷಣಕ್ಕೆಂದೇ ನೇಮಿಸಿದ ಸಂಪನ್ಮೂಲ ಶಿಕ್ಷಕರು ಅಲ್ಲಿಂದ ಶಾಲೆಗಳಿಗೆ ನೆರವಾಗುತ್ತಾರೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ದೈಹಿಕ ಶಿಕ್ಷಕರು ಇವರೊಡನೆ ಕುಳಿತು ತಮ್ಮ ಶಾಲೆಯ ಒಂದೊಂದು ಮಗುವಿಗೆ ಒಂದೊಂದು ಯೋಜನೆ ಮಾಡಿಕೊಂಡರೆ ಕೆಲಸ ಅರ್ಧ ಆದಂತೆ.

ಉಳಿದರ್ಧ ವಿದ್ಯಾರ್ಥಿಗಳ ಕೈಯಲ್ಲಿದೆ. ಇದನ್ನು ಓದಿದವರು ಮುಂದಿನ ಆಟದ ಅವಧಿಯಲ್ಲಿ ಒಂದು ಚಿಕ್ಕ ಪ್ರಯೋಗ ಮಾಡಬಹುದು. ಗಡಿಯಾರ ನೋಡಿಕೊಂಡು, ನಿಮ್ಮ ತರಗತಿಯ ಪ್ರತಿಯೊಬ್ಬರೂ ಎಷ್ಟು ನಿಮಿಷ ಮೈ ಕದಲಿಸಿ ಆಡಿದರೆಂದು ಬರೆದುಕೊಳ್ಳಿರಿ. ಯಾರದಾದರೂ ಹೆಸರಿನ ಮುಂದೆ ಸೊನ್ನೆ ಬಂದಿದ್ದರೆ, ಅದಕ್ಕೆ ಕಾರಣ ನೆಲವೋ, ಸಲಕರಣೆಯೋ, ನಿಯಮವೋ, ಜೊತೆಗಾರರ ಅಭಾವವೋ ಎಂದು ಆ ಸ್ನೇಹಿತನನ್ನೇ ಕೇಳಿರಿ. ತನ್ನ ದೇಹವನ್ನು ಅವನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಿಸಿ, ಮುಂದಿನ ವಾರ ಮತ್ತೆ ಅಳೆದು ನೋಡಿರಿ. ಸೊನ್ನೆಯಿದ್ದ ಕಡೆ ಹತ್ತು ನಿಮಿಷ ಕಂಡರೆ ನಿಮ್ಮ ಪ್ರಯೋಗ ಫಲಿಸಿತೆಂದು ತಿಳಿಯಬಹುದು.